10 ಮೀಟರ್ ಏರ್ ಪಿಸ್ತೂಲು: ಆಯ್ಕೆ ಮತ್ತು ಆರೈಕೆ

10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ ಶೂಟರ್‌ಗಳು ಯಾವ ಆಸರೆಯೂ ಇಲ್ಲದೆ ನಿಂತು, ಒಂದೇ ಕೈ ಚಾಚಿ, 4.5 ಮಿಲಿಮೀಟರ್ ವ್ಯಾಸದ ಸೀಸದ ಪೆಲೆಟ್‌ಗಳನ್ನು ಹಾರಿಸುತ್ತಾರೆ. ಗುರಿಹಲಗೆಯ ನಡುವಿನ ಕಪ್ಪು ವೃತ್ತದ ಅಡ್ಡಳತೆ 59.5 ಮಿಲಿಮೀಟರ್. ಅದರೊಳಗಿನ ಹತ್ತು ಅಂಕದ ವೃತ್ತ ಬರೀ 11.5 ಮಿಲಿಮೀಟರ್, ಅಂದರೆ ಅಂಗಿಯ ಗುಂಡಿಯಷ್ಟು. ಅರ್ಹತಾ ಸುತ್ತಿನಲ್ಲಿ 60 ಹೊಡೆತಗಳಿಗೆ 75 ನಿಮಿಷ ಸಿಗುತ್ತದೆ. 1988ರ ಸೋಲ್ ಒಲಿಂಪಿಕ್ಸ್‌ನಿಂದ ಪುರುಷರಿಗೂ ಮಹಿಳೆಯರಿಗೂ ಈ ಸ್ಪರ್ಧೆ ನಡೆಯುತ್ತಿದೆ. ಪಿಸ್ತೂಲು ಶೂಟಿಂಗ್ ಕಲಿಯಲು ಬರುವ ಬಹುತೇಕರು ಮೊದಲು ಕೈಗೆತ್ತಿಕೊಳ್ಳುವುದೂ ಏರ್ ಪಿಸ್ತೂಲನ್ನೇ.

ಒಳ್ಳೆಯ ಸ್ಪರ್ಧಾ ಪಿಸ್ತೂಲನ್ನು ಮೇಜಿಗೆ ಬಿಗಿದ ಹಿಡಿಕೆಯಲ್ಲಿ ಕೂರಿಸಿ, ಅದಕ್ಕೆ ಹೊಂದುವ ಪೆಲೆಟ್ ಹಾಕಿ ಹಾರಿಸಿದರೆ ಹೊಡೆತಗಳೆಲ್ಲ ಬಹುಮಟ್ಟಿಗೆ ಒಂದೇ ತೂತಿನಲ್ಲಿ ಸೇರುತ್ತವೆ. ಆ ತೂತು ಹತ್ತರ ವೃತ್ತಕ್ಕಿಂತ ಚಿಕ್ಕದು. ಅಂದರೆ ಉಪಕರಣದ ನಿಖರತೆ ಮನುಷ್ಯನ ಕೈಯ ನಿಖರತೆಯನ್ನು ಆಗಲೇ ಹಿಂದೆ ಹಾಕಿದೆ. ಹೀಗಾಗಿ ಪಿಸ್ತೂಲು ಆರಿಸುವಾಗ ಕೇಳಬೇಕಾದದ್ದು ಯಾವುದು ಹೆಚ್ಚು ನಿಖರ ಎಂದಲ್ಲ. ಅರವತ್ತು ಸಲ ಎತ್ತಿದರೂ ಯಾವುದು ಕೈಯಲ್ಲಿ ಒಂದೇ ರೀತಿ ಕೂರುತ್ತದೆ, ಯಾವುದರ ಟ್ರಿಗರ್ ಒಂದೇ ರೀತಿ ಬಿಡುತ್ತದೆ ಎಂದು ಕೇಳಬೇಕು. ಆರೈಕೆಯ ಗುರಿಯೂ ಇದೇ: ನಿನ್ನೆ ಇದ್ದ ಹಾಗೆ ಇವತ್ತೂ ಇರುವಂತೆ ನೋಡಿಕೊಳ್ಳುವುದು.

ಆಯ್ಕೆಗೆ ಮೊದಲು ನಿಯಮಗಳ ಚೌಕಟ್ಟು ತಿಳಿದಿರಬೇಕು. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಪ್ರಕಾರ ಏರ್ ಪಿಸ್ತೂಲಿನ ತೂಕ 1500 ಗ್ರಾಂ ಮೀರುವಂತಿಲ್ಲ. ಟ್ರಿಗರ್ ಬಿಡಲು ಕನಿಷ್ಠ 500 ಗ್ರಾಂ ಒತ್ತಡ ಬೇಕು. ಇಡೀ ಪಿಸ್ತೂಲು 420 ಮಿ.ಮೀ. ಉದ್ದ, 200 ಮಿ.ಮೀ. ಎತ್ತರ, 50 ಮಿ.ಮೀ. ಅಗಲದ ಪೆಟ್ಟಿಗೆಯೊಳಗೆ ಹಿಡಿಸಬೇಕು. ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಸೈಟ್‌ಗಳಲ್ಲಿ ಮಸೂರಕ್ಕೆ ಅವಕಾಶವಿಲ್ಲ. ಗ್ರಿಪ್‌ನ ಯಾವ ಭಾಗವೂ ಮಣಿಕಟ್ಟಿಗೆ ಆಸರೆ ಕೊಡಬಾರದು. ಬೇರೆ ಪಿಸ್ತೂಲು ಸ್ಪರ್ಧೆಗಳ ಲೆಕ್ಕ ಬೇರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ್ದು 50 ಮೀಟರ್ ಪಿಸ್ತೂಲಿನಲ್ಲಿ. ಆ ಎರಡನೆಯದರಲ್ಲಿ ಟ್ರಿಗರ್‌ಗೆ ಕನಿಷ್ಠ ತೂಕವೆಂಬುದೇ ಇಲ್ಲ, ಗ್ರಿಪ್ ಇಡೀ ಅಂಗೈಯನ್ನು ಸುತ್ತಿಕೊಳ್ಳಬಹುದು. ರಿಯೊ ನಂತರ ಅದನ್ನು ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು.

ಏರ್ ಪಿಸ್ತೂಲಿನೊಳಗೆ ಪೆಲೆಟ್ಟನ್ನು ತಳ್ಳುವ ಶಕ್ತಿ ಎಲ್ಲಿಂದ ಬರುತ್ತದೆ ಎಂಬುದರ ಮೇಲೆ ಅದರ ಬಗೆಗಳು ನಿಂತಿವೆ. ಹಳೆಯದು ಸ್ಪ್ರಿಂಗ್ ಬಗೆ. ಸ್ಪ್ರಿಂಗ್ ಚಿಮ್ಮಿ ಪಿಸ್ಟನ್ನು ಮುಂದೆ ನುಗ್ಗಿದಾಗ ಪಿಸ್ತೂಲು ಅದುರುತ್ತದೆ. ಜರ್ಮನಿಯ ಫೈನ್‌ವರ್ಕ್‌ಬೌ ಕಂಪನಿ ತನ್ನ ಮಾದರಿ 65ರಲ್ಲಿ ಮೇಲ್ಭಾಗವನ್ನೇ ಹಳಿಯ ಮೇಲೆ ಹಿಂದಕ್ಕೆ ಜಾರುವಂತೆ ಮಾಡಿ ಈ ಅದುರನ್ನು ಕೈಗೆ ತಟ್ಟದಂತೆ ಮಾಡಿತು. ಆ ಪಿಸ್ತೂಲುಗಳಲ್ಲಿ ಹಲವು ಇಂದಿಗೂ ಕೆಲಸ ಮಾಡುತ್ತಿವೆ. ಮುಂದೆ ಒಂದೇ ಬಾರಿ ಲಿವರ್ ಎಳೆದು ಗಾಳಿ ಅದುಮುವ ಬಗೆ ಬಂತು. ಅದಕ್ಕೆ ಸಿಲಿಂಡರ್ ಬೇಡ, ಪಂಪ್ ಬೇಡ, ಬಾಳಿಕೆಯೂ ಹೆಚ್ಚು. ಆದರೆ ಪ್ರತಿ ಹೊಡೆತಕ್ಕೂ ಲಿವರ್ ಎಳೆಯಬೇಕು, ಅರವತ್ತನೆಯ ಹೊಡೆತದ ಹೊತ್ತಿಗೆ ತೋಳು ಸೋತಿರುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಪಿಸ್ತೂಲುಗಳು ಈ ದುಡಿಮೆಯನ್ನು ತಪ್ಪಿಸಿದವು. ಅವುಗಳ ತೊಂದರೆ ಉಷ್ಣಾಂಶ. ಸಿಲಿಂಡರಿನಲ್ಲಿ 20 ಡಿಗ್ರಿಗೆ ಸುಮಾರು 57 ಬಾರ್ ಇರುವ ಒತ್ತಡ 30 ಡಿಗ್ರಿಯಲ್ಲಿ 70 ದಾಟುತ್ತದೆ. ಒತ್ತಡ ಬದಲಾದರೆ ಪೆಲೆಟ್‌ನ ವೇಗವೂ ಬದಲಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಗೆ ಇದು ಹೇಳಿದ ಬಗೆಯಲ್ಲ.

ಇಂದಿನ ಸ್ಪರ್ಧೆಗಳಲ್ಲಿ ಕಾಣುವುದು ಬಹುಪಾಲು ಅದುಮಿದ ಗಾಳಿಯ ಸಿಲಿಂಡರ್ ಇರುವ ಪಿಸ್ತೂಲುಗಳೇ. ಬ್ಯಾರೆಲಿನ ಕೆಳಗಿರುವ ಸಿಲಿಂಡರಿಗೆ 200 ಬಾರ್‌ವರೆಗೆ ಗಾಳಿ ತುಂಬುತ್ತಾರೆ. ರೆಗ್ಯುಲೇಟರ್ ಆ ಒತ್ತಡವನ್ನು ಇಳಿಸಿ, ಪ್ರತಿ ಹೊಡೆತಕ್ಕೂ ಅಷ್ಟೇ ಗಾಳಿಯನ್ನು ಅಳೆದು ಕೊಡುತ್ತದೆ. ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಮೇಲ್ದರ್ಜೆಯ ಮಾದರಿಗಳಲ್ಲಿ ಹೊಡೆತದ ಸಣ್ಣ ಎಗರನ್ನು ನುಂಗುವ ವ್ಯವಸ್ಥೆಯೂ ಇರುತ್ತದೆ. ಆಸ್ಟ್ರಿಯಾದ ಸ್ಟೈಯರ್, ಜರ್ಮನಿಯ ವಾಲ್ಟರ್ ಮತ್ತು ಫೈನ್‌ವರ್ಕ್‌ಬೌ, ಸ್ವಿಟ್ಜರ್ಲೆಂಡಿನ ಮೊರಿನಿ, ಇಟಲಿಯ ಪಾರ್ಡಿನಿ ಈ ವರ್ಗದ ಹೆಸರಾಂತ ತಯಾರಕರು. ಇವರಲ್ಲಿ ಯಾರದು ಉತ್ತಮ ಎಂಬ ಚರ್ಚೆ ರೇಂಜ್‌ಗಳಲ್ಲಿ ಮುಗಿಯುವುದೇ ಇಲ್ಲ. ಒಂದು ಬ್ರ್ಯಾಂಡಿಗೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ ಕೈಗೆ ಹೊಂದುವ ಗ್ರಿಪ್‌ಗೂ ಹೊಂದದ ಗ್ರಿಪ್‌ಗೂ ಇರುವ ಅಂತರ ದೊಡ್ಡದು.

ಹಾಗಾಗಿ ಆಯ್ಕೆಯ ಮೊದಲ ಹೆಜ್ಜೆ ಗ್ರಿಪ್. ಸಾಮಾನ್ಯವಾಗಿ ವಾಲ್ನಟ್ ಮರದಲ್ಲಿ ಕೆತ್ತಿದ, ಬೆರಳುಗಳಿಗೆ ತಗ್ಗುಗಳಿರುವ ಗ್ರಿಪ್ ಎಡಗೈಗೆ, ಬಲಗೈಗೆ ಬೇರೆ ಬೇರೆಯಾಗಿ, ಹಲವು ಅಳತೆಗಳಲ್ಲಿ ಸಿಗುತ್ತದೆ. ಹದಿಹರೆಯದವರಿಗೆ ಮುಂದೆ ಕೈ ಬೆಳೆಯುತ್ತದೆಂದು ದೊಡ್ಡ ಅಳತೆಯದನ್ನು ಕೊಡಿಸುವುದು ತಪ್ಪು, ಏಕೆಂದರೆ ಸಡಿಲ ಗ್ರಿಪ್‌ನಲ್ಲಿ ಕಲಿತ ಹಿಡಿತವನ್ನು ಆಮೇಲೆ ಬಿಡಿಸುವುದು ಕಷ್ಟ. ಅಂಥವರಿಗೆ ಚಿಕ್ಕ ಗ್ರಿಪ್ ಇರುವ, ಬ್ಯಾರೆಲ್ ಗಿಡ್ಡವಾದ, ಹಗುರ ಮಾದರಿಗಳಿವೆ.

ಗ್ರಿಪ್ ಹೊಂದುತ್ತದೆಯೇ ಎಂದು ತಿಳಿಯುವ ಪರೀಕ್ಷೆ ಸರಳ. ಖಾಲಿ ಪಿಸ್ತೂಲನ್ನು ಹಿಡಿದು, ಕಣ್ಣು ಮುಚ್ಚಿ, ಕೈಯನ್ನು ಸಹಜವಾಗಿ ಗುರಿಯ ಕಡೆ ಎತ್ತಿ, ಆಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನ ನಡುವೆ ತಾನಾಗಿ ಬಂದು ನಿಂತಿದ್ದರೆ ಹೊಂದಿಕೆ ಸರಿ. ಪ್ರತಿ ಸಲವೂ ಎಡಕ್ಕೋ ಬಲಕ್ಕೋ ವಾಲಿದ್ದರೆ, ಅದನ್ನು ಮಣಿಕಟ್ಟು ತಿರುಗಿಸಿ ಸರಿಪಡಿಸಿಕೊಳ್ಳುವ ಅಭ್ಯಾಸ ಬೆಳೆಯುತ್ತದೆ, ದಣಿದಾಗ ಅದೇ ಕೈಕೊಡುತ್ತದೆ. ಆಗ ಬದಲಾಗಬೇಕಾದದ್ದು ಗ್ರಿಪ್. ಅನೇಕ ಮಾದರಿಗಳಲ್ಲಿ ಗ್ರಿಪ್‌ನ ಕೋನವನ್ನು ತಿರುಪಿನಿಂದಲೇ ಹೊಂದಿಸಬಹುದು. ಅಂಗೈಯ ಬುಡಕ್ಕೆ ತಾಗುವ ಪಾಮ್ ಶೆಲ್ಫನ್ನು ಮೇಲೆ ಕೆಳಗೆ ಸರಿಸಬಹುದು. ಅದು ಕೈಯನ್ನು ಮೆಲ್ಲಗೆ ಮುಟ್ಟಿರಬೇಕು, ಅಮುಕಬಾರದು. ಎಲ್ಲಿ ಒತ್ತುತ್ತದೋ ಅಲ್ಲಿ ಮರಳುಕಾಗದದಿಂದ ಉಜ್ಜಿ ಮರ ತೆಗೆಯುತ್ತಾರೆ, ಎಲ್ಲಿ ಟೊಳ್ಳಾಗಿದೆಯೋ ಅಲ್ಲಿ ಮರಕ್ಕೆ ಹಿಡಿಯುವ ಪುಟ್ಟಿ ತುಂಬುತ್ತಾರೆ. ತೆಗೆದ ಮರ ಮರಳಿ ಬರುವುದಿಲ್ಲವಾದ್ದರಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ನಡುವೆ ಕೆಲವು ದಿನ ಅಭ್ಯಾಸ ಮಾಡಿ ನೋಡುವುದು ಒಳ್ಳೆಯದು. ಸಾವಿರಾರು ರೂಪಾಯಿ ಕೊಟ್ಟ ವಸ್ತುವಿನ ಮೇಲೆ ಮರಳುಕಾಗದ ಆಡಿಸಲು ಹಲವರು ಹಿಂಜರಿಯುತ್ತಾರೆ. ಒಳ್ಳೆಯ ಶೂಟರ್‌ಗಳ ಗ್ರಿಪ್ ನೋಡಿದರೆ ಅದು ಪುಟ್ಟಿ, ಗೀರು, ತೇಪೆಗಳಿಂದ ತುಂಬಿರುತ್ತದೆ.

ಗ್ರಿಪ್‌ನಷ್ಟೇ ಮುಖ್ಯವಾದದ್ದು ಟ್ರಿಗರ್. ಸ್ಪರ್ಧಾ ಪಿಸ್ತೂಲಿನ ಟ್ರಿಗರ್ ಸಾಮಾನ್ಯವಾಗಿ ಎರಡು ಹಂತದ್ದು. ಮೊದಲ ಹಂತದಲ್ಲಿ ಬೆರಳು ಸ್ವಲ್ಪ ದೂರ ಸಾಗಿ ಒಂದು ತಡೆಗೆ ಬಂದು ನಿಲ್ಲುತ್ತದೆ. ಎರಡನೆಯ ಹಂತದಲ್ಲಿ ಇನ್ನಷ್ಟು ಒತ್ತಿದಾಗ ಹೊಡೆತ ಬಿಡುತ್ತದೆ. ಒಟ್ಟು ತೂಕದ ಹೆಚ್ಚಿನ ಪಾಲನ್ನು ಮೊದಲ ಹಂತಕ್ಕೆ ಹಾಕಿ, ಎರಡನೆಯದನ್ನು ಹಗುರವಾಗಿ ಆದರೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುವಂತೆ ಇಡುವುದು ಸಾಮಾನ್ಯ ಕ್ರಮ. ಸ್ಪರ್ಧೆಗೆ ಮೊದಲು ಪರಿಶೀಲಕರು ಬ್ಯಾರೆಲನ್ನು ನೆಟ್ಟಗೆ ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ 500 ಗ್ರಾಂ ತೂಕ ತಗುಲಿಸಿ ಎತ್ತುತ್ತಾರೆ. ತೂಕ ಮೇಲೇಳುವ ಮೊದಲು ಟ್ರಿಗರ್ ಬಿಟ್ಟರೆ ಪಿಸ್ತೂಲು ಅನರ್ಹ. ಹೀಗಾಗಿ ಸರಿಯಾಗಿ 500ಕ್ಕೆ ನಿಲ್ಲಿಸದೆ ಹತ್ತಿಪ್ಪತ್ತು ಗ್ರಾಂ ಹೆಚ್ಚಾಗಿಟ್ಟುಕೊಳ್ಳುವುದು ಜಾಣತನ. ಟ್ರಿಗರ್‌ನ ಅಲಗನ್ನು ಹಿಂದೆ ಮುಂದೆ ಸರಿಸಿ, ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಅದರ ಮೇಲೆ ಕೂರುವಂತೆ ಮಾಡಬೇಕು. ಬೆರಳಿನ ಉಳಿದ ಭಾಗ ಮರಕ್ಕೆ ತಾಗುತ್ತಿದ್ದರೆ, ಟ್ರಿಗರ್ ಎಳೆದಾಗಲೆಲ್ಲ ಪಿಸ್ತೂಲೂ ಪಕ್ಕಕ್ಕೆ ಸರಿಯುತ್ತದೆ.

ಟ್ರಿಗರ್ ಯಾಂತ್ರಿಕವೋ ವಿದ್ಯುನ್ಮಾನವೋ ಎಂಬುದು ಕೊಳ್ಳುವವರ ಮುಂದಿನ ಪ್ರಶ್ನೆ. ವಿದ್ಯುನ್ಮಾನ ಟ್ರಿಗರ್‌ನ ಬಿಡುಗಡೆ ನುಣುಪಾಗಿರುತ್ತದೆ, ಸವೆಯುವ ಲೋಹದ ಅಂಚುಗಳೂ ಕಡಿಮೆ. ಯಾಂತ್ರಿಕ ಟ್ರಿಗರ್‌ಗೆ ಬ್ಯಾಟರಿ ಬೇಡ, ಹೆಚ್ಚಿನ ದೋಷಗಳನ್ನು ಸ್ಥಳೀಯವಾಗಿ ಸರಿಪಡಿಸಬಹುದು. ದೊಡ್ಡ ಸ್ಪರ್ಧೆಯಲ್ಲಿ ಪಿಸ್ತೂಲು ಕೆಟ್ಟರೆ ಏನಾಗುತ್ತದೆ ಎಂಬುದನ್ನು ದೇಶ ಒಮ್ಮೆ ಕಂಡಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲು ಕೈಕೊಟ್ಟಿತು, ದುರಸ್ತಿಯಲ್ಲಿ ಅಮೂಲ್ಯ ಸಮಯ ಹೋಯಿತು. 575 ಅಂಕ ಗಳಿಸಿದರೂ ಅವರು 12ನೆಯ ಸ್ಥಾನದಲ್ಲಿ ಉಳಿದು ಫೈನಲ್ ತಪ್ಪಿಸಿಕೊಂಡರು. 2024ರ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು, ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಮತ್ತೊಂದು ಕಂಚು ಗೆದ್ದರು. ಯಾವ ಯಂತ್ರವೂ ಕೆಡದೆ ಇರುವುದಿಲ್ಲ. ಬಿಡಿಭಾಗ ಮತ್ತು ಬಲ್ಲ ತಂತ್ರಜ್ಞರು ಹತ್ತಿರದಲ್ಲಿ ಸಿಗುವ ಮಾದರಿಯನ್ನೇ ಆರಿಸಬೇಕೆನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇನ್ನು ಸೈಟ್. ಹಿಂದೆ ಚೌಕ ಕಚ್ಚು, ಮುಂದೆ ಚೌಕ ಅಲಗು. ಅಲಗು ಕಚ್ಚಿನ ನಡುವೆ ನಿಂತಾಗ ಎರಡೂ ಪಕ್ಕದ ಬೆಳಕಿನ ಗೆರೆಗಳು ಸಮವಾಗಿರಬೇಕು, ಮೇಲಂಚುಗಳು ಒಂದೇ ಮಟ್ಟದಲ್ಲಿರಬೇಕು. ಇದರ ಮಹತ್ವ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎರಡು ಸೈಟ್‌ಗಳ ನಡುವೆ 33 ಸೆಂಟಿಮೀಟರ್ ಅಂತರವಿದೆ ಎಂದುಕೊಂಡರೆ, ಅಲಗು ಕಚ್ಚಿನೊಳಗೆ ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ 10 ಮೀಟರ್ ದೂರದಲ್ಲಿ ಪೆಲೆಟ್ ಸುಮಾರು 30 ಮಿಲಿಮೀಟರ್ ಆಚೆ ಬೀಳುತ್ತದೆ. ಒಂದು ವೃತ್ತಕ್ಕೂ ಮುಂದಿನದಕ್ಕೂ ಇರುವ ಅಂತರ 8 ಮಿಲಿಮೀಟರ್, ಆದ್ದರಿಂದ ನಷ್ಟ ಕನಿಷ್ಠ ಮೂರು ಅಂಕ. ಅದೇ ಸೈಟ್‌ಗಳು ಸರಿಯಾಗಿದ್ದು, ಇಡೀ ಕೈ 5 ಮಿಲಿಮೀಟರ್ ಅತ್ತಿತ್ತ ತೂಗಿದರೆ ಪೆಲೆಟ್ ಕೂಡ ಅಷ್ಟೇ ಸರಿಯುತ್ತದೆ, ಹೊಡೆತ ಹತ್ತರಲ್ಲಿ ಅಥವಾ ಅದರ ಅಂಚಿನಲ್ಲಿ ಬೀಳುತ್ತದೆ. ನುರಿತವರು ಕಣ್ಣಿನ ನೋಟವನ್ನು ಗುರಿಯ ಮೇಲಿಡದೆ ಮುಂದಿನ ಅಲಗಿನ ಮೇಲಿಡುವುದು, ಗುರಿ ಮಸುಕಾಗಿ ಕಾಣಲಿ ಎಂದು ಬಿಡುವುದು ಇದೇ ಕಾರಣಕ್ಕೆ. ಅಲಗಿನ ಅಗಲವನ್ನು ಬದಲಿಸುವ, ಕಚ್ಚಿನ ಅಗಲವನ್ನು ತಿರುಪಿನಿಂದ ಹೊಂದಿಸುವ ಸೌಕರ್ಯವಿರುವ ಪಿಸ್ತೂಲನ್ನೇ ಕೊಳ್ಳಬೇಕು. ಬೆಳಕಿನ ಗೆರೆ ತೀರ ಸಣ್ಣದಾದರೆ ಕಣ್ಣು ಬೇಗ ದಣಿಯುತ್ತದೆ, ತೀರ ಅಗಲವಾದರೆ ತಪ್ಪು ತಿಳಿಯುವುದಿಲ್ಲ.

ಪ್ಯಾರಿಸ್‌ನಲ್ಲಿ ಟರ್ಕಿಯ ಯೂಸುಫ್ ಡಿಕೆಚ್ ಸಾಮಾನ್ಯ ಕನ್ನಡಕ ಹಾಕಿ, ಒಂದು ಕೈ ಜೇಬಿನಲ್ಲಿಟ್ಟು ಮಿಶ್ರ ತಂಡದ ಬೆಳ್ಳಿ ಗೆದ್ದ ಚಿತ್ರ ಜಗತ್ತಿನೆಲ್ಲೆಡೆ ಹರಿದಾಡಿತು. ಉಪಕರಣಕ್ಕೆ ಬೆಲೆಯೇ ಇಲ್ಲ ಎಂದು ಅನೇಕರು ಅದನ್ನು ಓದಿಕೊಂಡರು. ಆದರೆ ಡಿಕೆಚ್ ಕೈಯಲ್ಲಿದ್ದದ್ದು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲು. ಅವರು ಬಿಟ್ಟದ್ದು ಕಣ್ಣಿನ ಮುಂದಿನ ಮಸೂರ, ಮರೆಪಟ್ಟಿಗಳಂಥ ಪರಿಕರಗಳನ್ನು ಮಾತ್ರ. ಹೊಸಬರೂ ಇವುಗಳಿಗೆ ಹಣ ಹಾಕುವ ಮೊದಲು ಗ್ರಿಪ್ ಮತ್ತು ಪೆಲೆಟ್‌ಗಳಿಗೆ ಹಾಕಬಹುದು.

ಮೊದಲ ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಕಲಿಯುವುದು ಲೇಸು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಸರಬ್ಜೋತ್ ಜೊತೆ ಬಾಕು ವಿಶ್ವಕಪ್‌ನ ಚಿನ್ನವನ್ನೂ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಬೆಳ್ಳಿಯನ್ನೂ ಗೆದ್ದಂಥ ಸಾಧನೆಗಳು ಮಕ್ಕಳನ್ನು ಈ ಆಟದ ಕಡೆ ಸೆಳೆಯುತ್ತವೆ. ಆದರೆ ಯಾವ ಗ್ರಿಪ್, ಎಷ್ಟು ತೂಕ ತಮಗೆ ಒಗ್ಗುತ್ತದೆಂದು ಅನುಭವವಿಲ್ಲದೆ ತಿಳಿಯುವುದಿಲ್ಲ. ಕಾನೂನಿನ ವಿಷಯವೂ ಸ್ಪಷ್ಟವಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಮೀರದ, 20 ಜೂಲ್‌ಗಿಂತ ಹೆಚ್ಚಿನ ಶಕ್ತಿ ಇಲ್ಲದ ಏರ್ ಆಯುಧಗಳಿಗೆ ಪರವಾನಗಿ ಬೇಕಿಲ್ಲ. ಅರ್ಧ ಗ್ರಾಂ ಆಸುಪಾಸಿನ ಪೆಲೆಟ್ಟನ್ನು ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹಾರಿಸುವ ಸ್ಪರ್ಧಾ ಪಿಸ್ತೂಲಿನ ಶಕ್ತಿ ಸುಮಾರು 6 ಜೂಲ್. ಆದರೂ ಗುರುತಿನ ದಾಖಲೆ ಕೊಟ್ಟು, ಬಿಲ್ ಪಡೆದು, ಅದನ್ನು ಪಿಸ್ತೂಲಿನ ಜೊತೆಗೇ ಇಟ್ಟುಕೊಳ್ಳಬೇಕು. 25 ಮೀಟರ್ ಸ್ಪರ್ಧೆಯ ಪಾಯಿಂಟ್ 22 ಪಿಸ್ತೂಲಿಗೆ ಪರವಾನಗಿ ಬೇಕೇ ಬೇಕು.

ಬಳಸಿದ ಪಿಸ್ತೂಲು ಕೊಳ್ಳುವವರು ಮೊದಲು ನೋಡಬೇಕಾದದ್ದು ಸಿಲಿಂಡರಿನ ಮೇಲೆ ಒತ್ತಿರುವ ತಯಾರಿಕೆಯ ದಿನಾಂಕ. ಸಿಲಿಂಡರಿನ ಬಳಕೆಯ ಅವಧಿ ಹೆಚ್ಚೆಂದರೆ ಹತ್ತು ವರ್ಷ, ಅವಧಿಯೊಳಗಿರುವಂತೆ ನೋಡಿಕೊಳ್ಳುವುದು ಶೂಟರ್‌ನದೇ ಹೊಣೆ. ಹೊಸ ಸಿಲಿಂಡರಿನ ಬೆಲೆ ಸೇರಿಸಿದರೆ ಅಗ್ಗದ ಪಿಸ್ತೂಲು ಅಗ್ಗವಾಗಿ ಉಳಿಯದಿರಬಹುದು. ಸಿಲಿಂಡರ್ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಮಾಪಕದ ಮುಳ್ಳು ಇಳಿದಿದೆಯೇ ನೋಡಿದರೆ ಸೋರಿಕೆ ಗೊತ್ತಾಗುತ್ತದೆ. ಬ್ಯಾರೆಲಿನ ಬಾಯಿಯ ಅಂಚಿನಲ್ಲಿ ತರಚು ಇರಬಾರದು.

ಪೆಲೆಟ್‌ಗಳ ಮಾತು ಚಿಕ್ಕದು. ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಕೊಯ್ಯುವ ಚಪ್ಪಟೆ ತಲೆಯ ಪೆಲೆಟ್‌ಗಳೇ ಈ ಆಟಕ್ಕೆ. ತಲೆಯ ಅಡ್ಡಳತೆ 4.49, 4.50 ಎಂದು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಬರುತ್ತದೆ, ಒಂದೊಂದು ಬ್ಯಾರೆಲಿಗೆ ಒಂದೊಂದು ಹೊಂದುತ್ತದೆ. ಪಿಸ್ತೂಲನ್ನು ಬಿಗಿದಿಟ್ಟು ಬೇರೆ ಬೇರೆ ಡಬ್ಬಿಗಳಿಂದ ಹಾರಿಸಿ, ಯಾವುದರ ಹೊಡೆತಗಳು ಹತ್ತಿರ ಹತ್ತಿರ ಬೀಳುತ್ತವೆಂದು ನೋಡಿ, ಅದೇ ತಯಾರಿಕಾ ಸಂಖ್ಯೆಯ ಡಬ್ಬಿಗಳನ್ನು ಕೂಡಿಡುತ್ತಾರೆ. ಪೆಲೆಟ್ ಸೀಸದ್ದಾದ್ದರಿಂದ ಅಭ್ಯಾಸ ಮುಗಿದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳ ವಿಷಯದಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ಆರೈಕೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಿರುವುದು ಗಾಳಿ ತುಂಬುವಾಗ. ಗಾಳಿ ನುಗ್ಗಿದಂತೆ ಸಿಲಿಂಡರ್ ಬಿಸಿಯಾಗುತ್ತದೆ. ಬೇಗ ತುಂಬಿದರೆ ಮುಳ್ಳು 200 ತೋರಿಸಿದರೂ ತಣ್ಣಗಾದ ಮೇಲೆ ಕೆಳಗಿಳಿಯುತ್ತದೆ, ಆದ್ದರಿಂದ ನಿಧಾನವಾಗಿ ತುಂಬಬೇಕು. ಕೈಪಂಪಿನಿಂದ ತುಂಬುವವರು ನಡುನಡುವೆ ನಿಲ್ಲಿಸಬೇಕು. ಮಳೆಗಾಲದ ತೇವದ ಗಾಳಿ ಪಂಪಿನ ಮೂಲಕ ಸಿಲಿಂಡರಿನೊಳಗೆ ನೀರಾಗಿ ಕೂರುತ್ತದೆ, ಅದರಿಂದ ತುಕ್ಕು ಹಿಡಿಯುತ್ತದೆ. ಮಂಗಳೂರು, ಕಾರವಾರದಂಥ ಕಡೆ ತೇವ ಹೀರುವ ಫಿಲ್ಟರ್ ಇರುವ ಪಂಪ್, ಇಲ್ಲವೇ ಒಣಗಾಳಿ ತುಂಬಿದ ದೊಡ್ಡ ಸಿಲಿಂಡರ್ ಬೇಕೇ ಬೇಕು. ಗಾಳಿ ತುಂಬುವ ತಿರುಪಿಗಾಗಲಿ ಕವಾಟಕ್ಕಾಗಲಿ ಹೊಲಿಗೆ ಯಂತ್ರದ ಎಣ್ಣೆಯಂಥದನ್ನು ಹಚ್ಚಕೂಡದು. ಅತಿ ಒತ್ತಡದ ಗಾಳಿಯಲ್ಲಿ ಖನಿಜ ತೈಲ ಹೊತ್ತಿಕೊಂಡು ಸಿಡಿಯಬಹುದು. ಗಾಳಿ ಸೋರದಂತೆ ತಡೆಯುವ ಓ-ರಿಂಗ್‌ಗಳಿಗೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ ಸಾಕು. ತುಂಬಿದ ಸಿಲಿಂಡರನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡುವುದು ಅಪಾಯ.

ಬ್ಯಾರೆಲಿಗೆ ಹೆಚ್ಚಿನ ಶುಶ್ರೂಷೆ ಬೇಡ. ಸಿಡಿಮದ್ದು ಇಲ್ಲದ್ದರಿಂದ ಅದರಲ್ಲಿ ಮಸಿ ಕಟ್ಟುವುದಿಲ್ಲ, ಸೀಸದ ಪುಡಿ ಮಾತ್ರ ಕೂರುತ್ತದೆ. ಅದಕ್ಕೆ ಉಣ್ಣೆಯ ಪುಟ್ಟ ಬಿರಡೆಗಳನ್ನು ಬ್ಯಾರೆಲಿನ ಮೂಲಕ ಹಾಯಿಸಿದರೆ ಆಯಿತು. ಲೋಹದ ಬ್ರಷ್ ಒಳಗಿನ ಸುರುಳಿ ಗೀರುಗಳನ್ನು ಹಾಳುಮಾಡುತ್ತದೆ. ಶುಚಿ ಮಾಡಿದ ಮೇಲಿನ ಮೊದಲ ಕೆಲವು ಪೆಲೆಟ್‌ಗಳು ಜಾಗ ತಪ್ಪುವುದುಂಟು, ಆದ್ದರಿಂದ ಸ್ಪರ್ಧೆಯ ಹಿಂದಿನ ರಾತ್ರಿ ಬ್ಯಾರೆಲ್ ಮುಟ್ಟದಿರುವುದು ವಾಸಿ. ಲೋಹದ ಹೊರಮೈಗೆ ತಾಗಿದ ಬೆವರನ್ನು ಅವತ್ತೇ ಒಣಬಟ್ಟೆಯಿಂದ ಒರೆಸಬೇಕು. ಪೆಟ್ಟಿಗೆಯ ಸ್ಪಂಜು ತೇವ ಹಿಡಿದಿಡುವುದರಿಂದ ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಆಗಾಗ ಬದಲಿಸಬೇಕು. ಮಳೆಗಾಲದಲ್ಲಿ ಗ್ರಿಪ್‌ನ ಮರವೂ ಸ್ವಲ್ಪ ಉಬ್ಬುತ್ತದೆ, ಬೇಸಿಗೆಯಲ್ಲಿ ಅದರ ತಿರುಪು ಸಡಿಲವಾಗುತ್ತದೆ. ಹೊಡೆತಗಳು ಇದ್ದಕ್ಕಿದ್ದಂತೆ ಚದುರತೊಡಗಿದರೆ ಸೈಟ್ ತಿರುಗಿಸುವ ಮೊದಲು ಗ್ರಿಪ್ ಮತ್ತು ಸೈಟ್‌ಗಳ ತಿರುಪುಗಳು ಬಿಗಿಯಾಗಿವೆಯೇ ನೋಡಬೇಕು.

ಟ್ರಿಗರ್‌ನ ಒಳಭಾಗ ಮತ್ತು ರೆಗ್ಯುಲೇಟರನ್ನು ಬಿಚ್ಚುವುದು ಮನೆಯಲ್ಲಿ ಮಾಡುವ ಕೆಲಸವಲ್ಲ. ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ಹತ್ತು ಹೊಡೆತ ಹಾರಿಸಿದಾಗ ವೇಗಗಳು ಒಂದರಿಂದೊಂದು ದೂರ ಸರಿದಿದ್ದರೆ ರೆಗ್ಯುಲೇಟರ್ ಅಥವಾ ಸೀಲ್ ಸವೆದಿದೆ ಎಂದರ್ಥ, ಆಗ ತಂತ್ರಜ್ಞರಿಗೆ ಕೊಡಬೇಕು. ಸೈಟಿನ ಕ್ಲಿಕ್, ಟ್ರಿಗರ್‌ನ ತೂಕ, ಪಾಮ್ ಶೆಲ್ಫಿನ ಸ್ಥಾನಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರೆ ದುರಸ್ತಿಯಿಂದ ಬಂದ ಪಿಸ್ತೂಲನ್ನು ಮೊದಲಿನಂತೆ ಹೊಂದಿಸುವುದು ಸುಲಭ.

ಮನೆಯಲ್ಲಿ ಪಿಸ್ತೂಲು ಬೀಗದೊಳಗಿರಬೇಕು, ಒಳಗೆ ಪೆಲೆಟ್ ಇರಬಾರದು. ಬ್ಯಾರೆಲಿನ ಉದ್ದಕ್ಕೂ ಹಾಯುವ ಬಣ್ಣದ ಸುರಕ್ಷಾ ದಾರ ರೇಂಜ್‌ನಲ್ಲಿ ಕಡ್ಡಾಯ, ಮನೆಯಲ್ಲೂ ಅದನ್ನು ಹಾಕಿಡಬೇಕು. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವ ಡ್ರೈ ಫೈರ್ ಅಭ್ಯಾಸಕ್ಕೆ ಹೆಚ್ಚಿನ ಪಿಸ್ತೂಲುಗಳಲ್ಲಿ ಪ್ರತ್ಯೇಕ ವ್ಯವಸ್ಥೆಯಿದೆ. ಅದನ್ನು ಬಳಸಿದರೆ ಗಾಳಿಯೂ ಉಳಿಯುತ್ತದೆ, ಕವಾಟವೂ ಸವೆಯುವುದಿಲ್ಲ. ವಿಮಾನದಲ್ಲಿ ಒಯ್ಯುವಾಗ ವಿಮಾನಯಾನ ಸಂಸ್ಥೆಗೆ ಮೊದಲೇ ತಿಳಿಸಿ, ಸಿಲಿಂಡರ್ ಖಾಲಿ ಮಾಡಿ, ಪಿಸ್ತೂಲಿನಿಂದ ಬಿಚ್ಚಿ ಇಡಬೇಕು. ಪ್ರಯಾಣದಲ್ಲಿ ಸೈಟಿಗೆ ಪೆಟ್ಟು ಬೀಳುವುದುಂಟು. ಸ್ಪರ್ಧೆಯ ಊರು ಮುಟ್ಟಿದ ಮೇಲೆ ಮೊದಲ ಅಭ್ಯಾಸದಲ್ಲೇ ಹೊಡೆತಗಳ ಗುಂಪು ಎಲ್ಲಿ ಬೀಳುತ್ತಿದೆಯೆಂದು ನೋಡಿ, ಸರಿದಿದ್ದರೆ ಯಾವ ಕಡೆಗೆ ಹೊಡೆತ ಹೋಗಬೇಕೋ ಆ ಕಡೆಗೆ ಹಿಂದಿನ ಸೈಟನ್ನು ತಿರುಗಿಸಿಕೊಳ್ಳಬೇಕು.